ಮನೆಯ ಬಾಗಿಲಿನಿಂದ ಹೇಮಕೂಟಕ್ಕೆ

ಕೆಲವು ಮಾತುಗಳು ತಮ್ಮೊಳಗೇ ಒಂದು ತೀರ್ಪನ್ನು ಅಡಗಿಸಿಕೊಂಡಿರುತ್ತವೆ. ‘ಓಡಿಹೋದರು’ ಎಂಬ ಮಾತು ಅಂಥದು. ಒಬ್ಬ ತರುಣನೂ ಒಬ್ಬ ತರುಣಿಯೂ ಹಿರಿಯರಿಗೆ ತಿಳಿಸದೆ ಮದುವೆಯಾದರೆ ಊರಿನವರು ಈ ಮಾತನ್ನು ಆಡುತ್ತಾರೆ. ಅವರು ಬಸ್ಸಿನಲ್ಲಿ ಕುಳಿತೇ ಹೋಗಿರಬಹುದು. ಆದರೂ ಜನರ ಬಾಯಲ್ಲಿ ಅವರು ಓಡಿಯೇ ಹೋದವರು. ಓಟದಲ್ಲಿ ಎರಡು ಸಂಗತಿಗಳಿರುತ್ತವೆ. ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆಂಬ ಭಯ ಒಂದು. ಕಾಲಡಿಯಲ್ಲಿ ಏನು ಸಿಕ್ಕಿತೆಂದು ನೋಡಲು ಬಿಡುವಿಲ್ಲದ ಅವಸರ ಇನ್ನೊಂದು. ಭಯಕ್ಕೆ ಕಾರಣ ಬೇರೆಯವರಿರಬಹುದು. ಅವಸರಕ್ಕೆ ಮಾತ್ರ ಓಡುವವರೇ ಹೊಣೆ.

ಪಶ್ಚಿಮ ದೇಶಗಳಲ್ಲಿಯೂ ಇದೇ ಅರ್ಥದ ಮಾತೊಂದು ಬಳಕೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ೧೭೫೩ರಲ್ಲಿ ಆದ ವಿವಾಹ ಕಾಯಿದೆಯು ೨೧ ವರ್ಷ ತುಂಬದವರ ಮದುವೆಗೆ ತಂದೆತಾಯಿಯರ ಒಪ್ಪಿಗೆಯ ಕಟ್ಟುಪಾಡನ್ನು ಬಿಗಿಗೊಳಿಸಿತು. ಆ ಕಾಯಿದೆ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲವಾದುದರಿಂದ ಎಷ್ಟೋ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಹೋಗಿ, ಕಮ್ಮಾರನ ಅಡಿಗಲ್ಲಿನ ಮುಂದೆ ನಿಂತು ಮದುವೆಯಾದವು. ಇಂದು ಅದೇ ಮಾತಿನ ಅರ್ಥ ಅಲ್ಲಿ ಬಹಳ ಮಟ್ಟಿಗೆ ಬದಲಾಗಿದೆ. ನೂರಾರು ಜನರನ್ನು ಕರೆಯದೆ, ಛತ್ರ ಹಿಡಿಯದೆ, ನಾಲ್ಕಾರು ಆಪ್ತರೊಡನೆ ಯಾವುದಾದರೂ ಬೆಟ್ಟದ ಕಿರುದಾರಿಯಲ್ಲಿ ನಡೆದುಹೋಗಿ ಮದುವೆಯಾಗುವುದನ್ನೂ ಅವರು ಅದೇ ಹೆಸರಿನಿಂದ ಕರೆಯುತ್ತಾರೆ. ಹೀಗೆ ಒಂದೇ ಮಾತು ಗುಟ್ಟಿನ ಮದುವೆಗೂ ಸರಳ ಮದುವೆಗೂ ಸಲ್ಲತೊಡಗಿದೆ. ಈ ಎರಡು ಒಂದೇ ಅಲ್ಲ. ಆದರೆ ಅವುಗಳ ನಡುವಿನ ಗೆರೆ ಎಲ್ಲಿದೆಯೆಂಬುದು ಹೊರಗಿನಿಂದ ನೋಡುವವರಿಗಿರಲಿ, ಮದುವೆಯಾಗುವವರಿಗೂ ಕೆಲವೊಮ್ಮೆ ಕಾಣುವುದಿಲ್ಲ. ಹೊಸಪೇಟೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರಿಗೆ ಆ ಗೆರೆ ಕಂಡ ಬಗೆ ವಿಚಾರಯೋಗ್ಯವಾಗಿದೆ.

ಆಕೆಯ ಮನೆ ಕಂಪ್ಲಿ. ತಂದೆಯವರಿಗೆ ತುಂಗಭದ್ರೆಯ ಕಾಲುವೆಯ ನೀರಿನ ಭತ್ತದ ಗದ್ದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ಕುಡಿಯುವ ನೀರನ್ನು ಸೋಸದೆ ಮುಟ್ಟದ ಅಜ್ಜಿಯೊಬ್ಬರು ಆ ಮನೆಯಲ್ಲಿದ್ದಾರೆ. ಆತ ಸಂಡೂರಿನವನು. ಅವನ ತಂದೆ ಅದಿರಿನ ಲಾರಿ ಓಡಿಸುತ್ತಿದ್ದವರು. ೨೦೧೧ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಕೆಲಸ ಕಳೆದುಕೊಂಡರು. ತಾಯಿ ಲಂಬಾಣಿ ಕಸೂತಿಯ ಕೆಲಸದವರು. ಮನೆ ನಡೆದದ್ದು ಅವರ ಸೂಜಿಯಿಂದ. ಇಬ್ಬರ ಸಮುದಾಯಗಳು ಬೇರೆ, ಆಚಾರಗಳು ಬೇರೆ. ಇಬ್ಬರೂ ವಯಸ್ಕರು, ಸ್ವಂತ ದುಡಿಮೆಯವರು.

ಅವರು ಗುಟ್ಟಾಗಿ ಮದುವೆಯಾಗಲು ನಿಶ್ಚಯಿಸಿದ್ದಕ್ಕೆ ಸಮುದಾಯಭೇದವೊಂದೇ ಕಾರಣವಾಗಿರಲಿಲ್ಲ. ಆಕೆಯ ಅಕ್ಕನ ಮದುವೆ ಕಂಪ್ಲಿಯಲ್ಲಿ ವಿಜೃಂಭಣೆಯಿಂದ ನಡೆದಿತ್ತು. ಮೂರು ದಿನ ಚಪ್ಪರ, ಎರಡು ದಿನ ಊಟ, ಬಂದವರಿಗೆಲ್ಲ ಉಡುಗೊರೆ. ಆ ಸಾಲ ತೀರಲು ಏಳು ಸುಗ್ಗಿಗಳು ಬೇಕಾದವು. ರಾತ್ರಿ ಲೆಕ್ಕದ ಪುಸ್ತಕ ತೆರೆದು ಕುಳಿತ ತಂದೆಯ ಬೆನ್ನನ್ನು ನೋಡುತ್ತ ಬೆಳೆದ ಮಗಳು ತನ್ನ ಮದುವೆಗಾಗಿ ಆ ಪುಸ್ತಕ ಮತ್ತೆ ತೆರೆಯಬಾರದೆಂದು ಸಂಕಲ್ಪಿಸಿದ್ದಳು. ಆದರೆ ಸಣ್ಣ ಮದುವೆ ಸಾಕೆಂದರೆ ತಂದೆಯವರು ಒಪ್ಪುವವರಲ್ಲ. “ನಾಲ್ಕು ಜನ ಏನಂದಾರು?” ಎಂಬ ಪ್ರಶ್ನೆಗೆ ಆಕೆಯಲ್ಲಿ ಉತ್ತರವಿರಲಿಲ್ಲ. ಹೇಳಿ ಜಗಳವಾಡುವುದಕ್ಕಿಂತ ಹೇಳದೆ ಮುಗಿಸುವುದೇ ಹಗುರವೆಂದು ತೋರಿತು. ಮದುವೆಯಾದ ಮೇಲೆ ತಿಳಿಸಿದರೆ ಸಿಟ್ಟಾದಾರು, ಆದರೆ ಸಾಲವಾಗುವುದಿಲ್ಲ. ತಂದೆಯ ಹಿತಕ್ಕಾಗಿಯೇ ತಂದೆಗೆ ಮರೆಮಾಡುತ್ತಿದ್ದೇನೆಂದು ಆಕೆ ನಂಬಿದ್ದಳು. ಈ ನಂಬಿಕೆಯಲ್ಲಿ ಕಪಟವಿರಲಿಲ್ಲ. ಪರೀಕ್ಷೆಗೆ ಒಡ್ಡಬೇಕಾದದ್ದೂ ಅದೇ ಆಗಿತ್ತು.

ಸ್ಥಳಕ್ಕಾಗಿ ದೂರ ಹೋಗಬೇಕಾಗಿರಲಿಲ್ಲ. ಹೊಸಪೇಟೆಯಿಂದ ಹಂಪೆ ೧೩ ಕಿಲೋಮೀಟರು. ಅಲ್ಲಿಯ ಬೆಟ್ಟಗಳು ಎತ್ತರದವಲ್ಲ. ಒಂದು ಗಂಟೆಯ ನಡಿಗೆಯಲ್ಲಿ ಮುಗಿಯುವ ದಾರಿಗಳೇ ಹೆಚ್ಚು. ಒಂದೊಂದು ಭಾನುವಾರ ಒಂದೊಂದು ದಾರಿಯನ್ನು ಅವರು ನಡೆದು ನೋಡಿದರು. ಆಕೆ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು.

ಮೊದಲು ನೋಡಿದ್ದು ಮತಂಗ ಪರ್ವತ. ಹಂಪೆಯ ರಥಬೀದಿಯ ಪೂರ್ವದ ಕೊನೆಯಲ್ಲಿರುವ ಏಕಶಿಲಾ ಬಸವಣ್ಣನನ್ನು ದಾಟಿ, ಅಚ್ಯುತರಾಯನ ದೇವಾಲಯದ ಕಡೆಗೆ ಹೋಗುವ ಕಣಿವೆಯಿಂದ ಮೇಲೇರಬಹುದು. ಹಳೆಯ ಕಲ್ಲುಮೆಟ್ಟಿಲುಗಳು ಅಲ್ಲಲ್ಲಿ ಕುಸಿದಿವೆ. ಕೆಲವೆಡೆ ಬಂಡೆಯನ್ನು ಕೈಯಿಂದ ಹಿಡಿದೇ ಏರಬೇಕು. ತುದಿಯಲ್ಲಿ ವೀರಭದ್ರನ ಗುಡಿ. ಅದರ ಮಾಳಿಗೆಯಿಂದ ನೋಡಿದರೆ ಹಾಳಾದ ಪಟ್ಟಣವೆಲ್ಲ, ಬಾಳೆಯ ತೋಟಗಳೆಲ್ಲ, ನದಿಯ ತಿರುವೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಸೂರ್ಯೋದಯದ ಹೊತ್ತಿಗೆ ಅಲ್ಲಿ ಹಾರ ಬದಲಾಯಿಸುವುದೆಂದು ಅವರು ಯೋಚಿಸಿದರು. ಆದರೆ ಸೂರ್ಯೋದಯಕ್ಕೆ ತುದಿಯಲ್ಲಿರಬೇಕಾದರೆ ಕತ್ತಲೆಯಲ್ಲೇ ಹತ್ತಬೇಕು. ಈ ಸೀಮೆ ಚಿರತೆ ಕರಡಿಗಳದು. ಹತ್ತಿರದ ದರೋಜಿಯಲ್ಲಿ ೧೯೯೪ರಲ್ಲಿ ಕರಡಿಗಳಿಗಾಗಿಯೇ ಅಭಯಾರಣ್ಯ ಮಾಡಲಾಗಿದೆ. ಅವು ಇರುಳಿನಲ್ಲಿ ಮೇದು ನಸುಕಿನಲ್ಲಿ ಗುಹೆಗೆ ಮರಳುತ್ತವೆ. ಅವುಗಳ ಹೊತ್ತಿನಲ್ಲಿ ಅವುಗಳ ದಾರಿಗೆ ಅಡ್ಡಹೋದರೆ ತಪ್ಪು ಕರಡಿಯದಲ್ಲ.

ಎರಡನೆಯದು ನದಿಯ ದಡದ ದಾರಿ. ರಥಬೀದಿಯಿಂದ ಹೊರಟು ಚಕ್ರತೀರ್ಥ, ಕೋದಂಡರಾಮನ ಗುಡಿ, ತುಲಾಭಾರದ ಕಲ್ಲುಕಮಾನು, ಪುರಂದರದಾಸರ ಮಂಟಪ ಇವುಗಳನ್ನು ಹಾದು ವಿಜಯವಿಠ್ಠಲನ ದೇವಾಲಯಕ್ಕೆ ಸುಮಾರು ಎರಡು ಕಿಲೋಮೀಟರು. ಏರು ಕಡಿಮೆ, ನೆರಳೂ ಉಂಟು. ಮಳೆಗಾಲದಲ್ಲಿ ಹೊಸಪೇಟೆಯ ಜಲಾಶಯದಿಂದ ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ. ಅತ್ತ ಕಂಪ್ಲಿಯ ಸೇತುವೆಯ ಮೇಲೂ ನೀರು ಹರಿದು ಗಂಗಾವತಿಯ ದಾರಿ ಕಡಿಯುತ್ತದೆ. ೨೦೨೪ರ ಆಗಸ್ಟಿನಲ್ಲಿ ಜಲಾಶಯದ ೧೯ನೆಯ ತೂಬುಬಾಗಿಲು ಕೊಚ್ಚಿಹೋದ ಮೇಲಂತೂ ಈ ನದಿಯ ಮಾತನ್ನು ಯಾರೂ ಹಗುರವಾಗಿ ಎತ್ತಿಕೊಳ್ಳುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ೩೪ ಕಿಲೋಮೀಟರು ನದಿಪಾತ್ರವನ್ನು ೨೦೧೫ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಡಲಾಗಿದೆ. ಅಲ್ಲಿ ವಾದ್ಯ ಬಾರಿಸುವುದು, ಹೂವು ಅಕ್ಷತೆಗಳನ್ನು ನೀರಿಗೆ ಚೆಲ್ಲುವುದು ಬೇಡವೆಂದು ಆಕೆ ಪುಸ್ತಕದಲ್ಲಿ ಬರೆದಳು.

ಮೂರನೆಯದು ಆತನ ಆಸೆ, ಸಂಡೂರಿನ ಗುಡ್ಡಗಳು. ಮಳೆಗಾಲ ಕಳೆಯುತ್ತಿರುವಂತೆ ಆ ಸಾಲುಗಳು ಹಚ್ಚಹಸಿರಾಗುತ್ತವೆ. ಬೆಟ್ಟವನ್ನು ಸೀಳಿದಂತಿರುವ ಗಂಡಿಯ ಬಳಿ ನಿಂತರೆ ಬಳ್ಳಾರಿಯ ಬಿಸಿಲು ಮರೆತೇಹೋಗುತ್ತದೆ. ಆದರೆ ಆತನ ಬಾಲ್ಯದ ನೆನಪು ಹಸಿರಿನದಲ್ಲ, ಕೆಂಪು ಧೂಳಿನದು. ಅದೇ ಗುಡ್ಡಗಳ ಒಡಲನ್ನು ಅಗೆದ ಹಣದಿಂದ ಎಂಥೆಂಥ ಮದುವೆಗಳಾದವೆಂಬುದನ್ನು ಆ ಸೀಮೆ ಬಲ್ಲದು. ೨೦೧೬ರ ನವೆಂಬರಿನಲ್ಲಿ ಗಣಿಯ ಉದ್ಯಮದ ಮನೆತನವೊಂದರ ಮದುವೆಗಾಗಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿಜಯವಿಠ್ಠಲ ದೇವಾಲಯದ ಪ್ರತಿಕೃತಿಯನ್ನೇ ಕಟ್ಟಿದ್ದರು. ಮದುವೆ ಮುಗಿದೊಡನೆ ಅದು ಕೆಡಹಲ್ಪಟ್ಟಿತು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮೀಸಲು ಕಾಡಿನೊಳಗೆ ಕಾಲಿಡಬಾರದೆಂಬ ನಿಯಮವೂ ಇದ್ದುದರಿಂದ ಆತ ತಾನಾಗಿಯೇ ಆ ಆಸೆಯನ್ನು ಬಿಟ್ಟನು.

ಹೀಗೆ ಯೋಚನೆ ಮತ್ತೆ ಹಂಪೆಗೇ ಬಂದು ನಿಂತಿತು. ಹಂಪೆಯ ಸ್ಮಾರಕಗಳು ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂರಕ್ಷಿತ ಸ್ಮಾರಕಗಳಲ್ಲಿ ಲಿಖಿತ ಅನುಮತಿಯಿಲ್ಲದೆ ಸಭೆ, ಸತ್ಕಾರಕೂಟ, ಮನರಂಜನೆ ನಡೆಸಕೂಡದೆಂದು ೧೯೫೯ರ ನಿಯಮಗಳು ಹೇಳುತ್ತವೆ. ರೂಢಿಯಲ್ಲಿರುವ ಧಾರ್ಮಿಕ ಆಚರಣೆಗಳಿಗೆ ಮಾತ್ರ ವಿನಾಯಿತಿ. ಗೊತ್ತುಪಡಿಸಿದ ಜಾಗದ ಹೊರತು ಅಲ್ಲಿ ಅಡಿಗೆ ಮಾಡುವಂತಿಲ್ಲ, ಊಟ ಮಾಡುವಂತಿಲ್ಲ. ನಿಯಮ ಏಕೆ ಬೇಕೆಂಬುದಕ್ಕೆ ಉದಾಹರಣೆಯೂ ಹತ್ತಿರದಲ್ಲೇ ಇದೆ. ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ಕಂಬವನ್ನು ತರುಣರು ತಳ್ಳಿ ಬೀಳಿಸಿದ ದೃಶ್ಯ ೨೦೧೯ರ ಫೆಬ್ರವರಿಯಲ್ಲಿ ಹರಡಿತು. ನಾಲ್ವರಿಗೆ ನ್ಯಾಯಾಲಯವು ತಲಾ ೭೦,೦೦೦ ರೂಪಾಯಿ ದಂಡ ವಿಧಿಸಿದ್ದಲ್ಲದೆ ಕಂಬವನ್ನು ಮರಳಿ ನಿಲ್ಲಿಸುವಂತೆ ಮಾಡಿತು. ಶತಮಾನಗಳಿಂದ ನಿಂತಿದ್ದ ಕಂಬ ಬೀಳಲು ಒಂದು ಕ್ಷಣದ ಹುಡುಗಾಟ ಸಾಕಾಯಿತು. ಯಾವ ಪ್ರಯೋಜನವೂ ಇಲ್ಲದೆ ಮಾಡುವ ಹಾನಿಯನ್ನು ನಮ್ಮ ಹಿರಿಯರು ಅನರ್ಥದಂಡವೆಂದು ಕರೆದು ಗೃಹಸ್ಥನು ಅದರಿಂದ ದೂರವಿರಬೇಕೆಂದರು. ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದುದರಿಂದ ಬೆಟ್ಟದ ಮೇಲೆ ಯಾವ ಕಾರ್ಯಕ್ರಮವೂ ಬೇಡ, ಕೇವಲ ನಡೆದುಹೋಗಿ ಸ್ವಲ್ಪ ಹೊತ್ತು ಕುಳಿತು ಬರುವುದೆಂದು ತೀರ್ಮಾನವಾಯಿತು. ಪುಸ್ತಕದಲ್ಲಿ ಆಕೆ ಎರಡು ಪಟ್ಟಿಗಳನ್ನು ಮಾಡಿದಳು. ಒಯ್ಯಬೇಕಾದವು ಚಿಕ್ಕ ಪಟ್ಟಿ: ಸೋಸಿದ ನೀರು, ಬಟ್ಟೆಯ ಚೀಲ, ಗಟ್ಟಿ ಚಪ್ಪಲಿ, ಆತನ ತಾಯಿ ಹೊಲಿದುಕೊಡುವ ಕಸೂತಿಯ ದುಪಟ್ಟಾ. ಆ ತಾಯಿಗೆ ವಿಷಯ ತಿಳಿದಿತ್ತು. ಬಿಟ್ಟುಬರಬಾರದವು ದೊಡ್ಡ ಪಟ್ಟಿ: ಹೂವಿನ ಎಸಳು, ಅಕ್ಷತೆ, ಕಾಗದದ ಚೂರು, ಊದುಬತ್ತಿಯ ಕಡ್ಡಿ, ಬಂಡೆಯ ಮೇಲೆ ಬಣ್ಣ, ಗೋಡೆಯ ಮೇಲೆ ಹೆಸರು. ಪಟ್ಟಿಯ ಕೊನೆಗೆ, ಹೋದಲ್ಲಿ ಹೋಗಿದ್ದೆವೆಂಬ ಗುರುತೇ ಉಳಿಯಬಾರದೆಂದು ಬರೆದಳು.

ಇನ್ನು ಉಳಿದದ್ದು ಕಾನೂನಿನ ಭಾಗ. ಬೆಟ್ಟದ ಮೇಲೆ ಹಾರ ಬದಲಾಯಿಸಿದ ಮಾತ್ರಕ್ಕೆ ಮದುವೆಯಾಗುವುದಿಲ್ಲ. ಜೈನರಿಗೂ ಅನ್ವಯಿಸುವ ೧೯೫೫ರ ಹಿಂದೂ ವಿವಾಹ ಕಾಯಿದೆಯು ಎರಡರಲ್ಲೊಂದು ಪಕ್ಷದ ರೂಢಿಯ ವಿಧಿಗಳು ನಡೆದಿರಬೇಕೆನ್ನುತ್ತದೆ. ವಿಧಿ ನಡೆಯದೆ ಕೇವಲ ನೋಂದಣಿಪತ್ರ ಪಡೆದರೆ ಅದು ವಿವಾಹವಲ್ಲವೆಂದು ಸುಪ್ರೀಂ ಕೋರ್ಟು ೨೦೨೪ರಲ್ಲಿ ಸ್ಪಷ್ಟಪಡಿಸಿದೆ. ಒಬ್ಬರ ವಿಧಿಯನ್ನು ಆರಿಸಿದರೆ ಇನ್ನೊಬ್ಬರ ಮನೆಯನ್ನು ಕಡೆಗಣಿಸಿದಂತಾಗುವುದೆಂದು ಅವರು ೧೯೫೪ರ ವಿಶೇಷ ವಿವಾಹ ಕಾಯಿದೆಯ ಕಡೆಗೆ ನೋಡಿದರು. ಅಲ್ಲಿ ವಿಧಿಗಳ ಕಟ್ಟಿಲ್ಲ. ವಿವಾಹಾಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಮುಂದೆ, ತಮಗೆ ತಿಳಿಯುವ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಪತಿಪತ್ನಿಯರಾಗಿ ಸ್ವೀಕರಿಸಿದ್ದೇವೆಂದು ಹೇಳಿದರೆ ಮದುವೆ ಪೂರ್ಣವಾಗುತ್ತದೆ. ಆದರೆ ಅದಕ್ಕೆ ಮುನ್ನ ೩೦ ದಿನಗಳ ಸೂಚನೆ ಕೊಡಬೇಕು. ಆ ಸೂಚನೆಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಯಾರಾದರೊಬ್ಬರ ಸ್ಥಿರವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅದರ ಪ್ರತಿಯನ್ನು ಆ ಜಿಲ್ಲೆಯ ಕಚೇರಿಗೂ ಕಳುಹಿಸಿ ಅಲ್ಲಿಯೂ ಅಂಟಿಸಬೇಕು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಅದರ ಕೇಂದ್ರವಾಯಿತು. ಕಂಪ್ಲಿಯೂ ಸಂಡೂರೂ ಬಳ್ಳಾರಿಯಲ್ಲಿಯೇ ಉಳಿದವು. ಅಂದರೆ ಹೊಸಪೇಟೆಯ ಗುಟ್ಟು ಬಳ್ಳಾರಿಯ ಫಲಕದಲ್ಲಿ ತೂಗುವುದು ನಿಶ್ಚಯ. ಕಂಪ್ಲಿಯ ಭತ್ತದ ವ್ಯಾಪಾರಿಗಳು ಆಸ್ತಿಯ ಕಾಗದಗಳಿಗಾಗಿ ಬಳ್ಳಾರಿಯ ಕಚೇರಿಗಳಿಗೆ ಅಲೆಯುವವರೇ.

ಈ ಪ್ರಕಟಣೆಯ ನಿಯಮವನ್ನು ಕಣ್ಣುಮುಚ್ಚಿ ಹೊಗಳುವಂತಿಲ್ಲ. ಮಕ್ಕಳ ಪ್ರಾಣಕ್ಕೇ ಎರವಾಗುವ ಮನೆಗಳು ನಮ್ಮ ದೇಶದಲ್ಲಿವೆ. ಅಂಥವರಿಗೆ ಫಲಕದ ಮೇಲಿನ ಕಾಗದವೇ ಮೃತ್ಯುಪತ್ರವಾಗಬಹುದು. ಇಬ್ಬರು ವಯಸ್ಕರ ಆಯ್ಕೆಗೆ ಕುಟುಂಬದ ಅಥವಾ ಕುಲದ ಒಪ್ಪಿಗೆ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ಹೇಳಿತು. ಜೋಡಿ ಬಯಸದಿದ್ದರೆ ಸೂಚನೆಯನ್ನು ಪ್ರಕಟಿಸಬೇಕಾಗಿಲ್ಲವೆಂದು ಅಲಹಾಬಾದ್ ಹೈಕೋರ್ಟು ೨೦೨೧ರಲ್ಲಿ ಹೇಳಿತು. ಬೆನ್ನಟ್ಟಿ ಬರುವ ಕೈಯಲ್ಲಿ ಕೊಡಲಿಯಿದ್ದರೆ ಓಡುವುದು ಧರ್ಮವೇ. ಆಗ ಮರೆಮಾಡುವುದು ಅಸತ್ಯವೂ ಅಲ್ಲ, ಅದು ಆತ್ಮರಕ್ಷಣೆ. ಹಾಗೆ ಓಡಿದವರನ್ನು ದೂಷಿಸುವವರು ಮೊದಲು ಕೊಡಲಿ ಹಿಡಿದವರನ್ನು ಕೇಳಬೇಕು.

ಆದರೆ ಆಕೆ ತನ್ನನ್ನೇ ಕೇಳಿಕೊಂಡಾಗ, ತನ್ನ ತಂದೆಯ ಕೈಯಲ್ಲಿ ಕೊಡಲಿ ಇಲ್ಲವೆಂಬುದು ಆಕೆಗೆ ತಿಳಿದಿತ್ತು. ಇದ್ದದ್ದು ಲೆಕ್ಕದ ಪುಸ್ತಕ ಮಾತ್ರ.

ಗುಟ್ಟನ್ನು ಉಳಿಸಿಕೊಳ್ಳುವ ದಾರಿ ಆಗಲೂ ತೆರೆದೇ ಇತ್ತು. ಎಲ್ಲಾದರೊಂದು ಗುಡಿಯಲ್ಲಿ ವಿಧಿ ನಡೆಸಿ ಆಮೇಲೆ ನೋಂದಣಿ ಮಾಡಿಸಿದರೆ ಮುಂಚಿತ ಸೂಚನೆಯ ತೊಡಕೇ ಇಲ್ಲ. ಗೆಳತಿಯೊಬ್ಬಳು ಅದನ್ನೇ ಸೂಚಿಸಿದಳು. ಆ ರಾತ್ರಿ ಆಕೆ ಪುಸ್ತಕ ತೆಗೆದು ಎರಡು ಪಟ್ಟಿಗಳನ್ನು ಮತ್ತೆ ಓದಿದಳು. ಬೆಟ್ಟದ ಮೇಲೆ ಒಂದು ಹೂವಿನ ಎಸಳನ್ನೂ ಬಿಟ್ಟುಬರಬಾರದೆಂದು ಅಷ್ಟು ಎಚ್ಚರದಿಂದ ಬರೆದಿದ್ದಳು. ಕಂಪ್ಲಿಯ ಮನೆಯಲ್ಲಿ ಏನನ್ನು ಬಿಟ್ಟುಹೋಗಲಿದ್ದೇನೆಂಬುದು ಎರಡು ಪಟ್ಟಿಗಳಲ್ಲಿಯೂ ಇರಲಿಲ್ಲ. ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳುವ ತಂದೆ, ಬಾಗಿಲ ಹಿಂದೆ ನಿಲ್ಲುವ ತಾಯಿ, ಮೊಮ್ಮಗಳು ಎಲ್ಲಿ ಎಂದು ದಿನಕ್ಕೆ ನಾಲ್ಕು ಸಲ ಕೇಳುವ ಅಜ್ಜಿ. ಕಲ್ಲಿಗೆ ನೋವಾಗದಿರಲೆಂದು ನಡೆಯಲು ಹೊರಟವಳು ಮನುಷ್ಯರ ಮೇಲೆ ಕಾಲಿಟ್ಟು ಹೋಗುವವಳಾಗಿದ್ದಳು.

ನೇಮಿನಾಥ ತೀರ್ಥಂಕರರ ಕಥೆಯನ್ನು ಆಕೆ ಬಾಲ್ಯದಲ್ಲಿ ಅಜ್ಜಿಯ ತೊಡೆಯ ಮೇಲೆ ಕೇಳಿದ್ದಳು. ಕನ್ನಡದಲ್ಲಿ ೧೨ನೆಯ ಶತಮಾನದಲ್ಲಿಯೇ ಕರ್ಣಪಾರ್ಯನೂ ನೇಮಿಚಂದ್ರನೂ ಅದನ್ನು ಕಾವ್ಯವಾಗಿಸಿದ್ದಾರೆ. ರಾಜೀಮತಿಯನ್ನು ವರಿಸಲು ಹೊರಟ ಮದುವಣಿಗ ದಾರಿಯಲ್ಲಿ ದೊಡ್ಡಿಯೊಳಗೆ ಕೂಡಿಟ್ಟ ಮೃಗಗಳ ಆಕ್ರಂದನವನ್ನು ಕೇಳುತ್ತಾನೆ. ಅವು ತನ್ನ ಮದುವೆಯ ಔತಣಕ್ಕೆಂದು ತಿಳಿದೊಡನೆ ರಥವನ್ನು ತಿರುಗಿಸಿ ಗಿರಿನಾರದ ದಾರಿ ಹಿಡಿಯುತ್ತಾನೆ. ಅವರ ವೈರಾಗ್ಯ ಗೃಹಸ್ಥರಿಗೆ ಎಟುಕದ ಎತ್ತರದ್ದು. ಆದರೆ ಅವರು ಬೆಟ್ಟಕ್ಕೆ ಹೋಗುವ ಮುನ್ನ ಮಾಡಿದ ಒಂದು ಕೆಲಸ ಎಲ್ಲರಿಗೂ ಸಾಧ್ಯವಾದದ್ದು. ಅವರು ರಥ ನಿಲ್ಲಿಸಿ, ಆ ಕೂಗು ಯಾರದು ಎಂದು ಕೇಳಿದರು. ತನ್ನ ಸಂಭ್ರಮದ ಬೆಲೆಯನ್ನು ಯಾರು ತೆರುತ್ತಿದ್ದಾರೆಂದು ವಿಚಾರಿಸಿದರು. ಅದ್ದೂರಿಯ ಮದುವೆಯ ಬೆಲೆಯನ್ನು ತಂದೆ ತೆರುವನೆಂದು ಆಕೆ ಅರಿತಿದ್ದಳು. ಗುಟ್ಟಿನ ಮದುವೆಯ ಬೆಲೆಯನ್ನೂ ಆತನೇ ತೆರುವನೆಂಬುದನ್ನು ಎಣಿಸಿರಲಿಲ್ಲ.

ಆಡಂಬರವು ಬಂಧುತ್ವವನ್ನು ಗಟ್ಟಿಗೊಳಿಸುವುದೆಂಬ ನಂಬಿಕೆಗೆ ಹಂಪೆಯ ಚರಿತ್ರೆಯಲ್ಲಿಯೇ ಒಂದು ಉತ್ತರವಿದೆ. ೧೫ನೆಯ ಶತಮಾನದ ಆರಂಭದಲ್ಲಿ ಬಹಮನಿಯ ಫಿರೋಜ್‌ಶಹನು ಒಂದನೆಯ ದೇವರಾಯನ ಮಗಳನ್ನು ವಿಜಯನಗರದಲ್ಲಿ ಮದುವೆಯಾದನೆಂದು ಫಿರಿಷ್ತಾ ಬರೆದಿದ್ದಾನೆ. ದಾರಿಯುದ್ದಕ್ಕೂ ಮಖಮಲ್ಲು ಮತ್ತು ಜರಿಯ ಬಟ್ಟೆಗಳನ್ನು ಹಾಸಿದ್ದರಂತೆ. ಮರಳುವಾಗ ಮಾವನು ಸಾಕಷ್ಟು ದೂರ ಬಂದು ಬೀಳ್ಕೊಡಲಿಲ್ಲವೆಂದು ಅಳಿಯ ಮುನಿದನೆಂದೂ ಅವನೇ ಹೇಳುತ್ತಾನೆ. ಕೆಲವು ವರ್ಷಗಳಲ್ಲಿ ಎರಡು ರಾಜ್ಯಗಳೂ ಮತ್ತೆ ಯುದ್ಧಕ್ಕೆ ನಿಂತವು. ಮಖಮಲ್ಲು ಕೂಡಿಸಲಾರದ್ದನ್ನು ಕೆಲವು ಹೆಜ್ಜೆಗಳ ನಡಿಗೆ ಕೂಡಿಸಬಹುದಿತ್ತೋ ಏನೋ.

ಮುಂದಿನ ಭಾನುವಾರ ಆಕೆ ಹಂಪೆಗೆ ಹೋಗದೆ ಕಂಪ್ಲಿಯ ಬಸ್ಸು ಹತ್ತಿದಳು. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ಹುಡುಗ ಯಾರು, ಯಾವ ಮನೆ, ಎಂಥ ಮದುವೆ ಮಾಡಿಕೊಳ್ಳಬೇಕೆಂದಿದ್ದೇವೆ, ಮೊದಲು ಹೇಳದೆ ಮಾಡಿಕೊಳ್ಳಬೇಕೆಂದಿದ್ದದ್ದು, ಏಕೆ ಹಾಗೆಂದುಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಎಷ್ಟು ದಿನದಿಂದ?” ಎಂದರು.

“ಎರಡು ವರ್ಷ ಆತಪ್ಪ.”

“ಎರಡು ವರ್ಷ ಈ ಮನಿಯಾಗ ಬಂದು ಉಂಡು ಹೋಗೀಯ. ಒಂದು ಮಾತು ಹೇಳಲಿಲ್ಲ.”

ಹುಡುಗನ ಕುಲದ ವಿಷಯವನ್ನು ಅವರು ಆಮೇಲೆ ಎತ್ತಿದರು, ಸಾಲದ ವಿಷಯವನ್ನೂ ಎತ್ತಿದರು, ಸಿಟ್ಟಿನಿಂದ ಗದ್ದೆಗೂ ಎದ್ದುಹೋದರು. ಆದರೆ ಅವರ ಬಾಯಿಂದ ಮೊದಲು ಹೊರಟದ್ದು ಆ ಮಾತು. ತಾಯಿ ಅತ್ತರು. ತನಗೆ ಮೊದಲೇ ಅನುಮಾನವಿತ್ತೆಂದೂ, ಕೇಳಿದರೆ ಮಗಳು ಸುಳ್ಳು ಹೇಳಬೇಕಾದೀತೆಂದು ಕೇಳಲಿಲ್ಲವೆಂದೂ ಹೇಳಿದರು. ಅಜ್ಜಿ ಮಾತ್ರ ಮೊಮ್ಮಗಳ ಪುಸ್ತಕವನ್ನು ಓದಿಸಿಕೊಂಡು ಕೇಳಿದರು. ಮತಂಗದ ಮೆಟ್ಟಿಲುಗಳ ವಿವರ ಬಂದಾಗ ತಡೆದು, “ಆ ಗುಡ್ಡ ಹತ್ತಾಕ ನನಗ ಆದೀತೇನವ್ವಾ?” ಎಂದರು.

ಆ ಪ್ರಶ್ನೆಯಲ್ಲಿ ಒಪ್ಪಿಗೆಯಿತ್ತೋ, ಬರಿಯ ಕುತೂಹಲವಿತ್ತೋ ಹೇಳಲಾಗದು. ಆದರೆ ಆಕೆಗೆ ತನ್ನ ಯೋಜನೆಯ ಇನ್ನೊಂದು ಮುಖ ಅಲ್ಲಿ ಕಂಡಿತು. ಅಷ್ಟು ದಿನ ದಾರಿಗಳನ್ನು ಆರಿಸುವಾಗ ನೋಟ ಹೇಗಿದೆ, ಏರು ಎಷ್ಟಿದೆ, ಜನ ಬರುವರೇ ಎಂದೇ ನೋಡಿದ್ದಳು. ಯಾರು ಬರಲಾರರು ಎಂದು ನೋಡಿರಲಿಲ್ಲ. ಮದುವೆಯ ದಾರಿಯನ್ನು ಗೊತ್ತುಮಾಡುವುದೆಂದರೆ ಮದುವೆಗೆ ಯಾರಿರುವರೆಂದು ಗೊತ್ತುಮಾಡುವುದೇ. ಜನ ಕಡಿಮೆಯಿರಬೇಕಾದದ್ದು ಸರಿ. ಆದರೆ ಆ ಕೆಲವರನ್ನು ಬಂಡೆಯ ಕಡಿದು ಆರಿಸಬಾರದು, ಮನಸ್ಸು ಆರಿಸಬೇಕು. ಮತಂಗವನ್ನು ಹೊಡೆದುಹಾಕಿ ಆಕೆ ಹೇಮಕೂಟವೆಂದು ಬರೆದಳು.

ಹೇಮಕೂಟವು ವಿರೂಪಾಕ್ಷನ ಗುಡಿಯ ದಕ್ಷಿಣಕ್ಕಿರುವ ಹಾಸುಬಂಡೆಯ ದಿಬ್ಬ. ಸಾಸಿವೆಕಾಳು ಗಣಪನ ಕಡೆಯಿಂದ ಹೋದರೆ ಕೈಹಿಡಿದು ನಡೆಸಿದ ವೃದ್ಧರೂ ಮೆಲ್ಲಗೆ ಏರಬಹುದು. ಹೆಜ್ಜೆಹೆಜ್ಜೆಗೂ ಕುಳಿತುಕೊಳ್ಳಲು ಮಂಟಪಗಳು. ಶಿವನನ್ನು ವರಿಸಲೆಂದು ಪಂಪೆ ತಪಸ್ಸು ಮಾಡಿದ್ದು ಇಲ್ಲಿಯೆಂದೂ, ಅವರ ಮದುವೆಯಲ್ಲಿ ಹೊನ್ನಿನ ಮಳೆ ಸುರಿದುದರಿಂದ ಈ ಹೆಸರೆಂದೂ ಸ್ಥಳಪುರಾಣ ಹೇಳುತ್ತದೆ. ಇಂದಿಗೂ ಪ್ರತಿವರ್ಷ ಡಿಸೆಂಬರಿನ ಹೊತ್ತಿಗೆ ಪಂಪಾ ವಿ­ರೂಪಾಕ್ಷರ ನಿಶ್ಚಿತಾರ್ಥವಾದ ಫಲಪೂಜೆ ನಡೆಯುತ್ತದೆ. ಮದುವೆ ನಡೆಯುವುದು ಚೈತ್ರದಲ್ಲಿ. ತಾನೇ ಆರಿಸಿಕೊಂಡ ವರನಾದರೂ ಆ ದೇವಿಯ ಮದುವೆಗೆ ನಿಶ್ಚಯಕ್ಕೂ ಲಗ್ನಕ್ಕೂ ನಡುವೆ ತಿಂಗಳುಗಳ ಬಿಡುವುಂಟು, ಊರೆಲ್ಲ ತಿಳಿಯಲು ಅವಕಾಶವುಂಟು.

ಫಲಪೂಜೆ ಮುಗಿದ ವಾರದಲ್ಲಿ ಅವರು ಹೊಸಪೇಟೆಯಲ್ಲಿ ಸೂಚನೆ ಕೊಟ್ಟರು. ಅದರ ಪ್ರತಿ ಬಳ್ಳಾರಿಗೆ ಹೋಯಿತು. ಅಂಟಿಸಿದ ಕಾಗದವನ್ನು ಕಂಪ್ಲಿಯವರೊಬ್ಬರು ನೋಡಿ, ಮರುದಿನವೇ ಅಂಗಡಿಯ ಮುಂದೆ ನಿಂತು ತಂದೆಯವರಿಗೆ ಸುದ್ದಿ ಹೇಳಲು ಬಂದರು. “ಗೊತ್ತೈತಿ” ಎಂದರಂತೆ ತಂದೆಯವರು. ಅಷ್ಟೇ ಹೇಳಿ ಒಳಗೆ ಹೋದರಂತೆ. ಆ ಒಂದು ಮಾತನ್ನು ಹೇಳುವ ಸ್ಥಿತಿಯಲ್ಲಿ ತಂದೆಯನ್ನು ಇರಿಸಿದ್ದೇ ಮಗಳು ಕೊಟ್ಟ ಗೌರವವಾಗಿತ್ತು. ಹೇಳದೆ ಹೋಗಿದ್ದರೆ ಆ ಅಂಗಡಿಯ ಮುಂದೆ ಅವರು ತಲೆತಗ್ಗಿಸಿ ಕೇಳಬೇಕಾಗುತ್ತಿತ್ತು. ಆ ಅವಮಾನವನ್ನು ಏಳು ಸುಗ್ಗಿಗಳೂ ತೀರಿಸುತ್ತಿರಲಿಲ್ಲ.

ಜನವರಿಯ ಕೊನೆಯಲ್ಲಿ ದಿನ ನಿಶ್ಚಯವಾಯಿತು. ಸಂಡೂರಿನಿಂದ ಆತನ ತಂದೆತಾಯಿ ಬಂದರು. ಕಂಪ್ಲಿಯಿಂದ ತಾಯಿಯನ್ನೂ ಅಜ್ಜಿಯನ್ನೂ ಕರೆದುಕೊಂಡು ತಂದೆಯವರೇ ಬಾಡಿಗೆಯ ಕಾರಿನಲ್ಲಿ ಬಂದರು. ಬರುವೆನೆಂದು ಅವರು ಮೊದಲೇ ಹೇಳಿರಲಿಲ್ಲ. ದಾರಿಯಲ್ಲಿ, ಕಮಲಾಪುರಕ್ಕೆ ಮುನ್ನ, ಅಜ್ಜಿ ಕಾರು ನಿಲ್ಲಿಸಲು ಹೇಳಿದರಂತೆ. ಅಲ್ಲಿ ಗಾಣಗಿತ್ತಿಯ ಬಸದಿಯಿದೆ. ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ೧೪ನೆಯ ಶತಮಾನದ ಕೊನೆಯಲ್ಲಿ ಕುಂಥುನಾಥ ಜಿನನಿಗೆಂದು ಕಟ್ಟಿಸಿದ್ದು. ಒಳಗೆ ಪೂಜೆಯಿಲ್ಲ, ಮುಂದಿನ ಎತ್ತರದ ಕಲ್ಲುಕಂಬ ಮಾತ್ರ ತನ್ನ ಶಾಸನದೊಡನೆ ನಿಂತಿದೆ. ಕಂಬದ ಬುಡದಲ್ಲಿ ಅಜ್ಜಿ ಕಣ್ಣುಮುಚ್ಚಿ ಸ್ವಲ್ಪ ಹೊತ್ತು ನಿಂತು ಬಂದರು.

ಕಚೇರಿಯಲ್ಲಿ ಮೂರನೆಯ ಸಾಕ್ಷಿಯಾಗಿ ಅಜ್ಜಿ ರುಜು ಹಾಕಿದರು, ಓರೆಯಾದ ಕನ್ನಡ ಅಕ್ಷರಗಳಲ್ಲಿ. ತಂದೆಯವರು ಹೊರಗಿನ ಬೇವಿನ ಮರದ ಕೆಳಗೆ ನಿಂತಿದ್ದರು. ಒಳಗೆ ಬನ್ನಿ ಎಂದು ಯಾರೂ ಒತ್ತಾಯಿಸಲಿಲ್ಲ. ಮದುವೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹತ್ತಿರದ ಖಾನಾವಳಿಯಲ್ಲಿ ಎಲ್ಲರೂ ಊಟ ಮಾಡಿದರು, ಹನ್ನೊಂದು ಎಲೆಗಳು. ಬಿಸಿಲು ಇಳಿಯುವ ಮುನ್ನವೇ ಹಂಪೆಗೆ ಹೋದರು.

ಏರುವಾಗ ಅಜ್ಜಿಯ ಒಂದು ಕೈಯನ್ನು ಮೊಮ್ಮಗಳು ಹಿಡಿದಿದ್ದಳು. ಇನ್ನೊಂದು ಕೈಯನ್ನು ಹಿಡಿಯಲು ಆತ ಮುಂದೆ ಬಂದಾಗ, ತಂದೆಯವರು ತಾವೇ ಬಂದು ಹಿಡಿದರು. ಅಳಿಯನೊಡನೆ ಅಂದು ಅವರು ಮಾತಾಡಲಿಲ್ಲ. ಅಜ್ಜಿ ತಮ್ಮ ರೂಢಿಯಂತೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಇರುವೆಯ ಸಾಲು ಕಂಡಲ್ಲಿ ನಿಂತು, ದಾಟಿ, ಮತ್ತೆ ನಡೆದರು. ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿಯನ್ನು ಗೃಹಸ್ಥೆಯಾದ ಆ ಮುದುಕಿ ಜೀವಮಾನವೆಲ್ಲ ತನಗೆ ಸಾಧ್ಯವಾದಷ್ಟು ನಡೆಸಿಕೊಂಡು ಬಂದಿದ್ದರು. ಅವರ ನಡಿಗೆಗೆ ಉಳಿದವರೆಲ್ಲ ತಮ್ಮ ನಡಿಗೆಯನ್ನು ಹೊಂದಿಸಿಕೊಂಡರು. ಯುವಕರಿಗೆ ಹತ್ತು ನಿಮಿಷದ ದಾರಿ ಅಂದು ಅರ್ಧ ಗಂಟೆಯಾಯಿತು. ಮೇಲೆ ಒಂದು ಮಂಟಪದಲ್ಲಿ ಕುಳಿತು ನೀರು ಕುಡಿದರು. ಎದುರಿಗೆ ಮತಂಗ ಪರ್ವತವಿತ್ತು. ಅಕ್ಷತೆಯಿಲ್ಲ, ವಾದ್ಯವಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಅಜ್ಜಿಯ ಊಟವಾಗಬೇಕೆಂದು ಬೇಗ ಇಳಿದರು.

ಮದುವೆ ಸಣ್ಣದಾದರೆ ಅದು ಪರಿಗ್ರಹದ ಮಿತಿ, ಒಳ್ಳೆಯದೇ. ಆದರೆ ಸಣ್ಣದಾಗಿರಬೇಕಾದದ್ದು ಚಪ್ಪರ, ಅಡಿಗೆಯ ಹಂಡೆ, ಸಾಲದ ಪತ್ರ. ಹೇಳಬೇಕಾದವರಿಗೆ ಹೇಳುವ ಮಾತನ್ನೂ ಅದರೊಡನೆ ಕಡಿತಗೊಳಿಸಿದರೆ ಉಳಿಸಿದ್ದು ಹಣವನ್ನು ಮಾತ್ರ. ಮಾತು ಹೇಳಿದ ಮೇಲೆ ಒಪ್ಪುವುದು ಬಿಡುವುದು ಹಿರಿಯರಿಗೆ ಸೇರಿದ್ದು. ಒಪ್ಪದಿದ್ದರೂ ಮದುವೆ ನಿಲ್ಲಬೇಕಾಗಿಲ್ಲ. ಕಾನೂನೂ ಹಾಗೆ ಹೇಳುವುದಿಲ್ಲ, ಧರ್ಮವೂ ಹೇಳುವುದಿಲ್ಲ. ಆ ಇಬ್ಬರು ಒಪ್ಪಿಗೆ ಕೇಳಲು ಹೋಗಿರಲಿಲ್ಲ, ತಿಳಿಸಲು ಹೋಗಿದ್ದರು. ಒಪ್ಪಿಗೆ ತಾನಾಗಿ, ಅರ್ಧವಾಗಿ, ಬೇವಿನ ಮರದ ಕೆಳಗಿನಿಂದ ಬೆಟ್ಟದವರೆಗೆ ಬಂತು.

ಹಿಂದಿರುಗುವಾಗ ಆಕೆ ಮಂಟಪದ ನೆಲವನ್ನೊಮ್ಮೆ ನೋಡಿದಳು. ಏನೂ ಉಳಿದಿರಲಿಲ್ಲ. ಕೆಳಗೆ ಕಾರಿನ ಬಳಿ ತಂದೆಯವರು ಅಜ್ಜಿಯ ಚಪ್ಪಲಿಗೆ ಮೆತ್ತಿದ್ದ ಮಣ್ಣನ್ನು ಕಲ್ಲಿಗೆ ತಟ್ಟಿ ಕೊಡವುತ್ತಿದ್ದರು. ಮಗಳನ್ನು ನೋಡಿ, “ಯುಗಾದಿಗೆ ಬರ್ರಿ” ಎಂದರು. ಒಬ್ಬಳಿಗೆ ಹೇಳುವ ಮಾತಾಗಿದ್ದರೆ ‘ಬಾ’ ಎನ್ನುತ್ತಿದ್ದರು.